ಹಬ್ಬದ ಸಾಲಿನಲ್ಲಿ ನಮ್ಮ ಎಲೆ

(ಸಕಲೇಶಪುರ, ಆಲೂರು ಕಡೆಯ ಹಾಸ್ಟೆಲ್ ವಿದ್ಯಾರ್ಥಿಗಳ ಮುಂದೆ ಆಡಿದ ಮಾತು)



ರಜೆ ಹತ್ತಿರ ಬಂತು. ನಿಮ್ಮಲ್ಲಿ ಅರ್ಧ ಜನರ ಮನಸ್ಸು ಆಗಲೇ ಊರಿನ ಬಸ್ಸು ಹತ್ತಿದೆ. ಹೋಗಿ. ಹಬ್ಬ ಮಾಡಬೇಡಿ ಅಂತ ಹೇಳೋಕೆ ನಾವು ಇಲ್ಲಿಗೆ ಬಂದಿಲ್ಲ.

ಹಬ್ಬ ಅಂದರೆ ಮೂಢನಂಬಿಕೆ, ಕಿತ್ತು ಬಿಸಾಕಿ ಅಂತ ಒಂದೇ ಮಾತಿನಲ್ಲಿ ಮುಗಿಸೋದು ಸುಲಭ. ಆದರೆ ವರ್ಷವೆಲ್ಲಾ ಜಡಿಮಳೆಯಲ್ಲಿ, ಜಿಗಣೆ ಕಚ್ಚಿಸಿಕೊಂಡು ತೋಟದಲ್ಲಿ ದುಡಿದ ತಾಯಿ ಅವತ್ತೊಂದು ದಿನ ತಲೆಗೆ ಎಣ್ಣೆ ಹಾಕಿಕೊಳ್ತಾಳೆ. ಕಡುಬು ಬೇಯಿಸಿ, ಕೋಳಿ ಸಾರು ಮಾಡಿ, ಹಾಸ್ಟೆಲಿನಿಂದ ಬರೋ ಮಕ್ಕಳ ದಾರಿ ಕಾಯ್ತಾಳೆ. ಆ ಒಂದು ದಿನವನ್ನ ಅವಳಿಂದ ಕಿತ್ತುಕೊಳ್ಳೋಕೆ ನಾವ್ಯಾರು?

ನಾವು ಕೇಳೋದು ಎರಡೇ ಪ್ರಶ್ನೆ. ಒಂದು: ಹಬ್ಬದ ದಿನ ನಮ್ಮ ಎಲೆ ಎಲ್ಲಿ ಬೀಳುತ್ತೆ? ಎಲ್ಲರ ಸಾಲಿನಲ್ಲೋ, ಅಂಗಳದ ಆಚೆಗೋ? ಎರಡು: ನಾವೇ ಹಾಕೋ ಸಾಲಿನಲ್ಲಿ ಯಾರ ಎಲೆ ಬೀಳ್ತಾ ಇಲ್ಲ? ಮೊದಲನೇ ಪ್ರಶ್ನೆ ಊರಿಗೆ, ತೋಟಕ್ಕೆ. ಎರಡನೇದು ನಮಗೆ. ಮೊದಲನೇದನ್ನ ಕೂಗಿ ಕೇಳ್ತೀವಿ. ಎರಡನೇದನ್ನ ಕೇಳಿಕೊಳ್ಳೋಕೆ ಇನ್ನೂ ಕಲಿಯಬೇಕು.

ಮೊದಲು ಊರಿನ ಸುಗ್ಗಿ ನೋಡೋಣ.

ಹೆತ್ತೂರು, ಯಸಳೂರು, ಹಾನುಬಾಳು ಕಡೆಯ ಮಲೆಗಳಲ್ಲಿ ಸುಗ್ಗಿ ನಿಮಗೆಲ್ಲ ಗೊತ್ತು. ಗದ್ದೆ ಕೆಲಸ ಮುಗಿದು, ಮುಂಗಾರು ಹಿಡಿಯೋಕೆ ಮೊದಲು ಬರೋ ಹಬ್ಬ. ಸುಗ್ಗಿ ಸಾರಿದ ಮೇಲೆ ಕಟ್ಟುಪಾಡು ಶುರು: ಹಸಿ ಮರ ಕಡಿಯಬಾರದು, ನೇಗಿಲು ಹೂಡಬಾರದು, ಒಗ್ಗರಣೆ ಹಾಕಬಾರದು. ಒಂದೊಂದು ಊರಿನ ಕಟ್ಟಳೆ ಒಂದೊಂದು ಥರ. ಇದರಲ್ಲಿ ಅರ್ಥ ಇಲ್ಲ ಅಂತ ನಾವು ಹೇಳೋದಿಲ್ಲ. ಮಳೆಗಾಲದ ಮುಂಚೆ ಕಾಡಿಗೂ ನೆಲಕ್ಕೂ ಎತ್ತಿಗೂ ಒಂದಿಷ್ಟು ಬಿಡುವು ಸಿಗುತ್ತೆ. ಎತ್ತಿಗೆ ಬಿಡುವು ಕೊಟ್ಟ ಆ ಕಟ್ಟಳೆಯಲ್ಲಿ ಆಳಿನ ಪಾಲೇನು ಅನ್ನೋದು ಪ್ರಶ್ನೆ.

ಸುಗ್ಗಿ ಬಂತು ಅಂತ ಕೇರಿ ಕೇರಿಗೆ ಸಾರಿದವನು ನಮ್ಮ ಅಜ್ಜ. ದೇವರ ಮುಂದೆ ವಾದ್ಯ ಬಾರಿಸಿದ್ದು ನಮ್ಮ ಅಪ್ಪನ ಕೈ. ನಮ್ಮ ಸದ್ದಿಲ್ಲದೆ ದೇವರು ಏಳೋದಿಲ್ಲ, ಎದ್ದ ದೇವರ ಹತ್ತಿರ ನಾವು ಹೋಗೋ ಹಾಗಿಲ್ಲ! ಗದ್ದೆಗೆ ಸಸಿ ನೆಟ್ಟದ್ದು ನಮ್ಮ ಅವ್ವಂದಿರು. ಕೊಯ್ದವರು ನಾವು, ಬಡಿದವರು ನಾವು, ಹೊತ್ತು ತಂದು ಪಣತಕ್ಕೆ ತುಂಬಿದವರು ನಾವು. ಅಲ್ಲಿವರೆಗೂ ಮೈಲಿಗೆ ಇಲ್ಲ. ಅದೇ ಭತ್ತ ಅಕ್ಕಿಯಾಗಿ, ಅಕ್ಕಿ ಅನ್ನವಾಗಿ ಎಡೆಗೆ ಬಂದಮೇಲೆ ನಮ್ಮ ನೆರಳು ಬಿದ್ದರೂ ಕೆಟ್ಟುಹೋಗುತ್ತೆ. ಭತ್ತಕ್ಕೆ ಇಲ್ಲದ ಮೈಲಿಗೆ ಅನ್ನಕ್ಕೆ ಎಲ್ಲಿಂದ ಬಂತು ಸ್ವಾಮಿ? ಇದನ್ನ ಕೇಳಿದರೆ 'ಹಿಂದಿನಿಂದ ಬಂದ ಪದ್ಧತಿ' ಅಂತಾರೆ.

ಹಿಂದಿನದು ಏನು ಅಂತ ನಾವೂ ಓದಿ ತಿಳಿಯೋಣ. ಸಕಲೇಶಪುರದ ಸೀಮೆಗೆ ಆಗ ಮಂಜರಾಬಾದು ಅಂತ ಹೆಸರು. 19ನೇ ಶತಮಾನದಲ್ಲಿ ಬಿ.ಎಲ್. ರೈಸ್ ಬರೆದ ಮೈಸೂರು ಗ್ಯಾಸೆಟಿಯರಿನಲ್ಲಿ ಮಲೆನಾಡಿನ ನಮ್ಮ ಜನರ ಬಗ್ಗೆ ಎರಡು ಪದ ಸಿಗ್ತವೆ: ಹುಟ್ಟಾಳು ಮತ್ತು ಮಣ್ಣಾಳು. ಹುಟ್ಟಾಳು ಅಂದರೆ ಹುಟ್ಟಿನಿಂದಲೇ ಒಡೆಯನ ಸ್ವತ್ತು. ಮಣ್ಣಾಳು ಅಂದರೆ ಮಣ್ಣಿನ ಜೊತೆಗೇ ಕೈ ಬದಲಾಗೋ ಆಳು. ಗದ್ದೆ ಮಾರಿದರೆ ಅವನೂ ಮಾರಾಟ. ಈಗ ಯೋಚಿಸಿ. ಮಣ್ಣಿನ ಜೊತೆ ಮಾರಾಟ ಆಗ್ತಿದ್ದವನು ಆ ಮಣ್ಣಿನ ಹಬ್ಬದಲ್ಲಿ ವಾದ್ಯ ಬಾರಿಸಿದರೆ ಅದು ಭಕ್ತಿಯೋ, ಚಾಕರಿಯೋ? 'ಹಿಂದಿನಿಂದ ಬಂದ ಪದ್ಧತಿ' ಅಂತ ಅವರು ಹೇಳೋವಾಗ ನಮ್ಮ ಕಿವಿಗೆ ಕೇಳಬೇಕಾದ್ದು ಈ ಎರಡು ಪದ.

ಹಾಗಾದರೆ ವಾದ್ಯ ಬಿಡಬೇಕೋ ಹಿಡಿಯಬೇಕೋ? ನಮ್ಮವರಲ್ಲೇ ಈ ಬಗ್ಗೆ ಎರಡು ಮಾತಿದೆ. ತಮಟೆ ನಮ್ಮ ಗುಲಾಮಗಿರಿಯ ಗುರುತು, ಒಡೆದು ಹಾಕಿ ಅನ್ನೋರು ಇದ್ದಾರೆ. ತಮಟೆ ನಮ್ಮ ಕಲೆ, ಹೋರಾಟದ ದನಿ, ಬಿಡಬೇಡಿ ಅನ್ನೋರೂ ಇದ್ದಾರೆ. ಎರಡೂ ಮಾತಿನಲ್ಲಿ ನೋವಿದೆ, ನಿಜ ಇದೆ. ನಾವು ಹೇಳೋದು ಇಷ್ಟೇ: ಬಾರಿಸಲೇಬೇಕು ಅನ್ನೋ ಕಡೆ ಬಾರಿಸಬಾರದು. ಬಾರಿಸಬೇಡ ಅನ್ನೋ ಕಡೆ ಬಾರಿಸಬೇಕು. ಬಾರಿಸಿದವನಿಗೆ ಒಳಗೆ ಎಲೆ ಹಾಕದ ಹಬ್ಬಕ್ಕೆ ನಮ್ಮ ಚರ್ಮವಾದ್ಯ ಇಲ್ಲ.

ಈ ಮಾತು ಹೇಳೋಕೆ ಹೆದರಬೇಕಾಗಿಲ್ಲ. ಸಂವಿಧಾನದ 17ನೇ ವಿಧಿ ಅಸ್ಪೃಶ್ಯತೆಯನ್ನ ರದ್ದು ಮಾಡಿದೆ. 23ನೇ ವಿಧಿ ಬಿಟ್ಟಿ ಚಾಕರಿಯನ್ನ ನಿಷೇಧಿಸಿದೆ. 1955ರ ನಾಗರಿಕ ಹಕ್ಕುಗಳ ರಕ್ಷಣಾ ಕಾಯಿದೆ ಪ್ರಕಾರ, ಅಸ್ಪೃಶ್ಯತೆ ಆಚರಿಸಿ ಮೆರವಣಿಗೆಯಲ್ಲಿ ಸೇರಿಸಿಕೊಳ್ಳದೆ ಇರೋದು ಅಪರಾಧ. ಬಲವಂತದ ಬಿಟ್ಟಿ ದುಡಿಮೆ 1989ರ ದೌರ್ಜನ್ಯ ತಡೆ ಕಾಯಿದೆ ಅಡಿಯಲ್ಲಿ ಅಪರಾಧ. ಆದರೆ ಕಾಯಿದೆ ತಾನಾಗಿ ನಡೆದುಕೊಂಡು ಕೇರಿಗೆ ಬರೋದಿಲ್ಲ. ನಮ್ಮದೇ ಹಾಸನ ಜಿಲ್ಲೆಯ ಹೊಳೆನರಸೀಪುರ ತಾಲೂಕಿನ ಸಿಗರನಹಳ್ಳಿಯಲ್ಲಿ 2015ರಲ್ಲಿ ದಲಿತ ಹೆಣ್ಣುಮಕ್ಕಳು ಗುಡಿ ಒಳಗೆ ಹೋದದ್ದಕ್ಕೆ ದಂಡ ಹಾಕಿದ ಸುದ್ದಿ ಪತ್ರಿಕೆಗಳಲ್ಲಿ ಬಂತು. 2021ರಲ್ಲಿ ಚನ್ನರಾಯಪಟ್ಟಣ ತಾಲೂಕಿನ ದಿಂಡಗೂರಿನಲ್ಲಿ ಅಧಿಕಾರಿಗಳ ಸಮ್ಮುಖದಲ್ಲಿ ದಲಿತರು ಗುಡಿಯೊಳಗೆ ಕಾಲಿಟ್ಟರು. ಹೆಣ್ಣುಮಕ್ಕಳು ಮೊದಲು ಹೆಜ್ಜೆ ಇಟ್ಟರು ಅನ್ನೋದನ್ನ ಗಂಡುಹುಡುಗರು ಗಮನಿಸಬೇಕು.

ಇನ್ನು ತೋಟದ ಹಬ್ಬ.

1840ರ ದಶಕದಲ್ಲಿ ಬಿಳಿ ದೊರೆಗಳು ಮಂಜರಾಬಾದಿನ ಕಾಡಿನಲ್ಲಿ ಕಾಫಿ ಹಾಕಿದರು. ಗದ್ದೆಯ ಆಳು ತೋಟದ ಕೂಲಿಯಾದ. ಹಟ್ಟಿಯಿಂದ ಲೈನು ಮನೆಗೆ ಬಂದ. ದೊರೆಗಳು ಹೋದರು, ಸಾವ್ಕಾರರು ಬಂದರು. ಊರಿನ ಹಬ್ಬದ ಜೊತೆಗೆ ತೋಟದ ಹಬ್ಬ ಅಂತ ಇನ್ನೊಂದು ಸೇರಿಕೊಂಡಿತು. ಅದೇ ಆಯುಧ ಪೂಜೆ.

ಆ ಹೊತ್ತಿಗೆ ಮಳೆ ಇಳಿದಿರುತ್ತೆ, ಗಿಡದ ತುಂಬ ಕಾಯಿ ಬಲಿತಿರುತ್ತೆ. ಇನ್ನೇನು ಕೊಯ್ಲು ಬಂತು. ಜೀಪು, ಪಲ್ಪರ್ ಮೆಷೀನು, ಔಷಧಿ ಹೊಡೆಯೋ ಪಂಪು ಎಲ್ಲಾ ತೊಳೆದು ಸಾಲಾಗಿ ನಿಲ್ಲಿಸ್ತಾರೆ. ಮರಗಸಿ ಮಾಡೋ ಕತ್ತಿ, ಗುದ್ದಲಿ, ಕಳೆ ಕತ್ತಿ ಜೋಡಿಸ್ತಾರೆ. ಕುಂಕುಮ, ಹೂವು, ಬೂದಗುಂಬಳಕಾಯಿ. ಆಮೇಲೆ ನಮಗೆಲ್ಲ ಪುರಿ, ಒಂದು ಸಿಹಿ, ಕೆಲವು ಕಡೆ ಒಂದು ಸೀರೆ, ಒಂದು ಪಂಚೆ. ಕತ್ತಿಗೆ ಕುಂಕುಮ ಹಚ್ಚಿದರು, ಸಂತೋಷ. ಕತ್ತಿ ಹಿಡಿದು ಜಡ್ಡುಗಟ್ಟಿದ ಕೈಗೆ ಏನು ಕೊಟ್ಟರು? ಮೆಷೀನಿಗೆ ಎಣ್ಣೆ ಬಿಡೋದು ಮರೆಯೋದಿಲ್ಲ. ಲೈನು ಮನೆಯ ಸೋರೋ ಹೆಂಚು ಮಾತ್ರ ವರ್ಷ ವರ್ಷ ಮರೆತುಹೋಗುತ್ತೆ.

ಸಾವ್ಕಾರರು ಸೀರೆ ಕೊಟ್ಟರು ಅಂತ ನಮ್ಮವ್ವಂದಿರು ಲೈನೆಲ್ಲ ಹೇಳಿಕೊಂಡು ಬರ್ತಾರೆ. ಬೋನಸ್ಸು ಎಷ್ಟು ಬಂತವ್ವ ಅಂದರೆ ಸುಮ್ಮನಾಗ್ತಾರೆ. ಇಲ್ಲೇ ನೀವು ಓದಿದವರು ಕೆಲಸಕ್ಕೆ ಬರಬೇಕು. 1965ರ ಬೋನಸ್ ಕಾಯಿದೆ ಕನಿಷ್ಠ ಬೋನಸ್ಸನ್ನ ಕಟ್ಟಿಕೊಟ್ಟಿತು. 2025ರ ನವೆಂಬರ್ 21ರಂದು ಜಾರಿಗೆ ಬಂದ ವೇತನ ಸಂಹಿತೆಯಲ್ಲೂ ಅದು ಉಳಿದಿದೆ: ನೂರಕ್ಕೆ 8.33. ಈ ಅಂಕಿ ನೋಡಿ ಗಾಬರಿಯಾಗಬೇಡಿ. ನೂರನ್ನ ಹನ್ನೆರಡರಿಂದ ಭಾಗಿಸಿ, ಅದೇ ಬರುತ್ತೆ. ಅಂದರೆ ಹನ್ನೆರಡು ತಿಂಗಳು ದುಡಿದವರಿಗೆ ಹದಿಮೂರನೇ ತಿಂಗಳ ಕೂಲಿ. ಇಪ್ಪತ್ತು ಜನ ಅಥವಾ ಹೆಚ್ಚು ಜನ ದುಡಿಯೋ ಕಡೆ, ವರ್ಷದಲ್ಲಿ 30 ದಿನ ಕೆಲಸ ಮಾಡಿದವರಿಗೆ ಇದು ಸಲ್ಲಬೇಕು. ಲೆಕ್ಕಕ್ಕೆ ಹಿಡಿಯೋ ಕೂಲಿಗೆ ಒಂದು ಮಿತಿ ಇದೆ, ಅದನ್ನೂ ಕೇಳಿ ತಿಳಿದುಕೊಳ್ಳಿ. ಸೀರೆ ಬೇಡ ಅಂತ ಅವ್ವನಿಗೆ ಹೇಳಬೇಕಾಗಿಲ್ಲ. ಸೀರೆಯ ಲೆಕ್ಕ ಸೀರೆಗೆ, ಬೋನಸ್ಸಿನ ಲೆಕ್ಕ ಬೋನಸ್ಸಿಗೆ. ಇನಾಮಿಗೆ ಕೈ ಮುಗೀತೀವಿ, ಹಕ್ಕಿಗೆ ಸಹಿ ಹಾಕ್ತೀವಿ. ಕೈ ಮುಗಿದು ತಗೊಂಡದ್ದನ್ನ ಮುಂದಿನ ವರ್ಷ ಕೇಳೋಕಾಗೋದಿಲ್ಲ.

ರಜೆಯೂ ಹಾಗೇ. ನಮ್ಮ ರಾಜ್ಯದ 1963ರ ರಾಷ್ಟ್ರೀಯ ಮತ್ತು ಹಬ್ಬದ ರಜೆಗಳ ಕಾಯಿದೆ ತೋಟಗಳಿಗೂ ಸಲ್ಲುತ್ತೆ. ಜನವರಿ 26, ಮೇ 1, ಆಗಸ್ಟ್ 15, ಅಕ್ಟೋಬರ್ 2, ನವೆಂಬರ್ 1, ಇವು ಐದು. ಇವುಗಳ ಮೇಲೆ ಹಬ್ಬಕ್ಕೆ ಅಂತ ಇನ್ನೂ ಐದು. ಒಟ್ಟು ಹತ್ತು ದಿನ, ಕೂಲಿ ಸಮೇತ. ಆ ದಿನ ಕೆಲಸಕ್ಕೆ ಕರೆದರೆ ಎರಡರಷ್ಟು ಕೂಲಿ ಕೊಡಬೇಕು, ಇಲ್ಲಾ ಆ ದಿನದ ಕೂಲಿ ಕೊಟ್ಟು ಬೇರೆ ದಿನ ರಜೆ ಕೊಡಬೇಕು. ಹಬ್ಬದ ಐದು ಯಾವುವು ಅಂತ ಗೊತ್ತುಮಾಡೋವಾಗ ಲೈನಿನ ಮಾತೂ ನಡೀಬೇಕು ಅಂತ ನಾವು ಕೇಳಬೇಕು. ರಜೆಗೆ ಹೋದಾಗ ರೈಟರ ಹತ್ತಿರ ಹಾಜರಿ ಪುಸ್ತಕ ತೋರಿಸಿ ಅಂತ ಮರ್ಯಾದೆಯಿಂದ ಕೇಳಿ. ಅಪ್ಪ ಅವ್ವನ ಹೆಸರು ತೋಟದ ಪುಸ್ತಕದಲ್ಲಿ ಇದೆಯೋ, ಇಲ್ಲ ಗುತ್ತಿಗೆ ಮೇಸ್ತ್ರಿಯ ಚೀಟಿಯಲ್ಲಿದೆಯೋ ನೋಡಿ. ಹೆಸರು ಎಲ್ಲಿದೆ ಅನ್ನೋದರ ಮೇಲೆ ಹಬ್ಬ ಇದೆ.

ಆಯುಧ ಪೂಜೆಯ ಮಾತು ಬಂದಾಗ ಇನ್ನೊಂದು ನೆನಪಿರಲಿ. ಬಾಬಾಸಾಹೇಬರು 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಲಕ್ಷಾಂತರ ಜನರ ಜೊತೆ ಬೌದ್ಧ ದೀಕ್ಷೆ ತಗೊಂಡರು. ಅವತ್ತು ವಿಜಯದಶಮಿ. ಹಬ್ಬದ ದಿನವನ್ನ ಬಿಟ್ಟುಕೊಡದೆ ಅದರ ಅರ್ಥವನ್ನೇ ಬದಲಾಯಿಸಿದರು. ಹಬ್ಬದ ಬಗ್ಗೆ ನಾವು ಕಲಿಯಬೇಕಾದ ದೊಡ್ಡ ಪಾಠ ಅದು.

ಈಗ ಯುಗಾದಿಗೆ ಬರೋಣ. ಬೇವು ಬೆಲ್ಲ ಅಂತಾರೆ. ನಮ್ಮ ಹಿರಿಯರಿಗೆ ಬೆಲ್ಲ ಸಿಕ್ಕಿದ್ದು ಕಡಿಮೆ. ಎಷ್ಟೋ ಊರುಗಳಲ್ಲಿ ಜೀತದಾಳಿನ ವರ್ಷ ಯುಗಾದಿಯಿಂದ ಯುಗಾದಿಗೆ. ಊರಿಗೆ ಹೊಸ ವರ್ಷ, ನಮಗೆ ಹಳೆ ಸಾಲಕ್ಕೆ ಹೊಸ ಹೆಬ್ಬೆಟ್ಟು. 1976ರ ಜೀತ ಪದ್ಧತಿ ರದ್ದು ಕಾಯಿದೆ ಅದನ್ನ ಅಪರಾಧ ಅಂತ ಸಾರಿತು. ಆ ಕಾಯಿದೆ ಬರೆದವರಿಗೆ ನಮ್ಮ ಮನೆ ಕಥೆ ಗೊತ್ತಿತ್ತು ಅಂತ ಕಾಣುತ್ತೆ. ಸಾಲದ ಜೊತೆಗೆ, ಸಂಪ್ರದಾಯ ಅಂತಲೋ ಸಾಮಾಜಿಕ ಕಟ್ಟುಪಾಡು ಅಂತಲೋ ದುಡಿಸಿಕೊಳ್ಳೋದನ್ನೂ ಜೀತದ ಲೆಕ್ಕಕ್ಕೆ ಸೇರಿಸಿದ್ದಾರೆ. ಆದರೂ ಹಬ್ಬದ ಮುಂಗಡ ಅನ್ನೋದು ಇವತ್ತಿಗೂ ಇದೆ. ಹಬ್ಬಕ್ಕೆ ಒಂದಿಷ್ಟು ಕೊಡಿ ಬುದ್ಧಿ ಅಂತ ಅಪ್ಪ ಕೈಯೊಡ್ಡಿದ ದಿನ, ಕೊಯ್ಲಿನ ಮೂರು ತಿಂಗಳ ಕೂಲಿ ಮಾತಾಡೋ ಬಾಯಿ ಮುಚ್ಚಿಹೋಗುತ್ತೆ. ಒಂದು ದಿನದ ಬಾಡಿಗೆ ಮೂರು ತಿಂಗಳ ಬಾಯಿ ಅಡ!

ಬಾಡು ಬಿಡಿ ಅಂತ ಹೇಳ್ತಿಲ್ಲ. ಯುಗಾದಿ ಮರುದಿನದ ಹೊಸ ತೊಡಕು ನಮ್ಮ ಹಬ್ಬ, ತಲೆಯೆತ್ತಿ ಮಾಡಿ. ಅದಕ್ಕೆ ದಾರಿ ನಮ್ಮ ಜನರೇ ಕಂಡುಕೊಂಡಿದ್ದಾರೆ. ವಾರ ವಾರ ಇಷ್ಟಿಷ್ಟು ಹಾಕಿ ಮಾಂಸದ ಚೀಟಿ ನಡೆಸೋ ಲೈನುಗಳಿವೆ, ಕೇರಿಗಳಿವೆ. ಆಮೇಲೆ ಗುಡ್ಡೆ ಬಾಡು. ನೀವೆಲ್ಲ ನೋಡಿದ್ದೀರಿ. ಕುರಿ ಕಡಿದಮೇಲೆ ಎಲೆಯ ಮೇಲೆ ಸಾಲಾಗಿ ಗುಡ್ಡೆ ಹಾಕ್ತಾರೆ. ಎಲುಬು, ಲಿವರು, ಬೋಟಿ, ಕೊಬ್ಬು ಎಲ್ಲಾ ಗುಡ್ಡೆಗೂ ಸಮಸಮ. ಒಂದು ಗುಡ್ಡೆ ದಪ್ಪ ಕಂಡರೆ ಹತ್ತು ಬಾಯಿ ಒಟ್ಟಿಗೆ ಕೂಗ್ತವೆ. ಸಮಾನತೆ ಅನ್ನೋದನ್ನ ನಮಗೆ ಯಾರೂ ಪಟ್ಟಣದಿಂದ ತಂದು ಕಲಿಸಬೇಕಾಗಿಲ್ಲ. ಅದು ನಮ್ಮ ಗುಡ್ಡೆಯಲ್ಲಿದೆ. ಅದನ್ನ ಗುಡ್ಡೆಯಿಂದಾಚೆಗೂ ತರಬೇಕು, ಅಷ್ಟೇ.

ತಂದಿದ್ದೀವಾ? ಇಲ್ಲಿಂದ ಎರಡನೇ ಪ್ರಶ್ನೆ.

ಗುಡ್ಡೆ ಸಮ ಹಾಕಿದ ಗಂಡಸರು ಮನೆಗೆ ಬಂದು ಕೂತ್ಕೋತಾರೆ. ಆಮೇಲೆ ಅರೆಯೋದು ಯಾರು, ಬೇಯಿಸೋದು ಯಾರು, ಬಡಿಸೋದು ಯಾರು, ಕೊನೆಗೆ ಪಾತ್ರೆ ತಳದಲ್ಲಿ ಉಳಿದ ಸಾರಿಗೆ ಮುದ್ದೆ ಅದ್ದಿಕೊಂಡು ತಿನ್ನೋದು ಯಾರು? ತೋಟದಲ್ಲಿ ಅವ್ವನಿಗೆ ರಜೆ ಬೇಕು ಅಂತ ಹೋರಾಡೋ ಮಗ, ಮನೆಯಲ್ಲಿ ಅವಳಿಗೆ ಹಬ್ಬದ ದಿನ ಎರಡರಷ್ಟು ಕೆಲಸ ಕೊಡ್ತಾನೆ. ಎರಡರಷ್ಟು ಕೂಲಿ ಯಾರು ಕೊಡ್ತಾರೆ? ಇನ್ನು ಮದ್ಯದಂಗಡಿಯ ಮಾತು. ಬೋನಸ್ಸು ಬಟವಾಡೆ ಆದ ಸಂಜೆಯೇ ಅದು ಕುಡಿತಕ್ಕೆ ಹೋದರೆ ಹಬ್ಬದ ದಿನ ಲೈನಿನಲ್ಲಿ ಕೇಳೋದು ಹಾಡಲ್ಲ, ಹೆಂಗಸರ ಅಳು. ಇದನ್ನ ಬೇರೆಯವರು ಬಂದು ಹೇಳೋಕೆ ಮುಂಚೆ ನಾವೇ ಹೇಳಿಕೊಳ್ಳೋದು ಒಳ್ಳೇದು.

ಇದಕ್ಕಿಂತ ಗಟ್ಟಿಯಾದ ಪ್ರಶ್ನೆ ಇನ್ನೊಂದಿದೆ. ನಮ್ಮ ಲೈನಿನ ಕೊನೇ ಮನೆಗಳಲ್ಲಿ ಈಗ ಯಾರಿದ್ದಾರೆ ನೋಡಿ. ಒಂದು ಕಾಲಕ್ಕೆ ತಮಿಳರು ಬಂದರು, ಮಲೆಯಾಳಿಗಳು ಬಂದರು, ಘಟ್ಟದ ಕೆಳಗಿನಿಂದ ತುಳುವರು ಬಂದರು. ಈಗ ಅಸ್ಸಾಮು, ಬಂಗಾಳ, ಜಾರ್ಖಂಡು, ಒಡಿಶಾದಿಂದ ಬರ್ತಿದ್ದಾರೆ. ಹಣ್ಣು ಕೊಯ್ಯೋರು ಅವರು, ಚೀಲ ಹೊರೋರು ಅವರು. ಒಂದು ಕೋಣೆಯಲ್ಲಿ ಎಷ್ಟೋ ಜನ. ಅವರ ಬಗ್ಗೆ ನಮ್ಮ ಲೈನಿನಲ್ಲಿ ಆಡೋ ಮಾತು ಕೇಳಿದ್ದೀರಾ? ಅವರು ಕೊಳಕು, ಅವರ ಊಟ ನಾತ, ಅವರ ಹತ್ತಿರ ನೀರು ತಗೋಬೇಡಿ. ಗೆಳೆಯರೇ, ಈ ಮಾತು ನಮಗೆ ಹೊಸದಾ? ಇವೇ ಪದಗಳನ್ನ ನಮ್ಮ ಅಜ್ಜನಿಗೆ ಊರಿನವರು ಹೇಳಿದ್ದರು. ಊರಿನ ಬಾಯಿಯಿಂದ ಇಳಿದು ನಮ್ಮ ಬಾಯಿಗೆ ಬಂದಿದೆ. ಅವರು ಬಂದದ್ದರಿಂದ ಕೂಲಿ ಇಳೀತು ಅಂತ ಸಿಟ್ಟು ಇದ್ದರೆ, ಇಳಿಸಿದ ಕೈ ಯಾವುದು ನೋಡಿ. ಬರಿಗೈಯಲ್ಲಿ ರೈಲು ಹತ್ತಿ ಬಂದವನಿಗೆ ಕೂಲಿ ಗೊತ್ತುಮಾಡೋ ಅಧಿಕಾರ ಎಲ್ಲಿಂದ ಬಂತು?

ಈಗ ಕ್ಯಾಲೆಂಡರ್ ತೆಗೀರಿ. ನಮ್ಮ ಯುಗಾದಿ ಚಂದ್ರನ ಲೆಕ್ಕ, ಅದಕ್ಕೇ ವರ್ಷ ವರ್ಷ ತಾರೀಖು ಓಡಾಡುತ್ತೆ. ಸೂರ್ಯನ ಲೆಕ್ಕದವರಿಗೆ ಹೊಸ ವರ್ಷ ಮೇಷ ಸಂಕ್ರಾಂತಿಗೆ, ಏಪ್ರಿಲ್ 14ರ ಆಜುಬಾಜು. ತುಳುವರ ಬಿಸು, ಮಲೆಯಾಳಿಗಳ ವಿಷು, ತಮಿಳರ ಪುತ್ತಾಂಡು, ಅಸ್ಸಾಮಿನವರ ಬಿಹು, ಬಂಗಾಳದವರ ಪೊಯ್ಲಾ ಬೈಸಾಖ್ ಎಲ್ಲಾ ಒಂದೆರಡು ದಿನದ ಅಂತರದಲ್ಲಿ. ಬಿಹುವಿನ ಮೊದಲ ದಿನ ದನಗಳ ಮೈತೊಳೆದು ಪೂಜೆ ಮಾಡ್ತಾರೆ, ನಮ್ಮಲ್ಲಿ ದೀಪಾವಳಿಗೆ ಮಾಡೋ ಹಾಗೆ. ದೇಶದಾಚೆಗೂ ಹೋಗಿ: ಸಿಂಹಳ, ಬರ್ಮಾ, ಥಾಯ್ಲೆಂಡು, ಕಾಂಬೋಡಿಯ, ಅಲ್ಲೆಲ್ಲ ಅದೇ ವಾರ ಹೊಸ ವರ್ಷ. ಬರ್ಮಾ, ಥಾಯ್ಲೆಂಡಿನಲ್ಲಿ ಬೀದಿಗೆ ಬಂದು ಒಬ್ಬರ ಮೇಲೊಬ್ಬರು ನೀರು ಎರಚಿ ನಗ್ತಾರೆ. ನಮ್ಮವರು ಕೆರೆ ನೀರು ಮುಟ್ಟೋಕೆ 1927ರ ಮಾರ್ಚ್ 20ರಂದು ಬಾಬಾಸಾಹೇಬರ ಹಿಂದೆ ಮಹಾಡಿನ ಚೌದಾರ್ ಕೆರೆಗೆ ನಡೆದು ಹೋಗಬೇಕಾಯ್ತು.

ಆ ಬಾಬಾಸಾಹೇಬರು ಹುಟ್ಟಿದ್ದು ಯಾವತ್ತು? 1891ರ ಏಪ್ರಿಲ್ 14.

ಈ ದಿನ ನಮ್ಮ ಮಲೆಗೆ ಹೇಳಿ ಮಾಡಿಸಿದ ಹಾಗಿದೆ. ಕಾಫಿ ಕೊಯ್ಲು ಮುಗಿದಿರುತ್ತೆ. ಹೂಮಳೆ ಬಿದ್ದು ತೋಟ ಬೆಳ್ಳಗೆ ಅರಳಿ ಉದುರಿರುತ್ತೆ. ಸುಗ್ಗಿಯ ಕಾಲ. ಪರೀಕ್ಷೆ ಮುಗಿಸಿ ನೀವು ಊರಲ್ಲಿರ್ತೀರಿ. ಲೈನಿನಲ್ಲಿ ಒಬ್ಬೊಬ್ಬರದು ಒಂದೊಂದು ಭಾಷೆಯ ಹೊಸ ವರ್ಷ, ಎಲ್ಲರಿಗೂ ಸೇರಿದ ಒಂದು ಜಯಂತಿ. ನಾವು ಏನು ಮಾಡ್ತೀವಿ? ಪಟ್ಟಣದಲ್ಲಿ ಹಾರ ಹಾಕಿ, ಭಾಷಣ ಕೇಳಿ, ಪೊಟ್ಟಣದ ಊಟ ತಿಂದು ಬರ್ತೀವಿ. ಸಕಲೇಶಪುರಕ್ಕೂ ಆಲೂರಿಗೂ ಹೋಗಿ, ಬೇಡ ಅನ್ನೋದಿಲ್ಲ. ಸಂಜೆ ಲೈನಿಗೆ ಬನ್ನಿ.

ಸಂಜೆ ಮಾಡಬೇಕಾದ್ದು ದೊಡ್ಡದೇನಲ್ಲ. ಚೀಟಿ ದುಡ್ಡಿನಲ್ಲಿ ಒಂದೇ ಒಲೆ, ಒಂದೇ ಹಂಡೆ. ಸಾವ್ಕಾರರ ಚಂದಾ ಬೇಡ, ಮುಂಗಡ ಬೇಡ. ಅವತ್ತು ಒಲೆ ಮುಂದೆ ಗಂಡುಹುಡುಗರು ಕೂರಲಿ, ಅವ್ವಂದಿರು ಮೊದಲ ಸಾಲಿನಲ್ಲಿ ಊಟಕ್ಕೆ ಕೂರಲಿ. ಅಡಿಗೆ ಏನು ಅಂತ ಎಲ್ಲರನ್ನೂ ಕೇಳಿ ಗೊತ್ತುಮಾಡಿ. ಹಂದಿ ತಿನ್ನದವರಿದ್ದಾರೆ, ದನ ತಿನ್ನದವರಿದ್ದಾರೆ, ಎಲ್ಲರೂ ತಿನ್ನೋದನ್ನ ಬೇಯಿಸಿ. ಕೊನೇ ಮನೆಯ ಅಸ್ಸಾಮಿನ ಹುಡುಗನನ್ನ ಹೆಸರು ಹಿಡಿದು ಕರೀರಿ. ಅವನ ಹೆಸರು ಗೊತ್ತಿಲ್ಲದಿದ್ದರೆ ಅವತ್ತಾದರೂ ಕೇಳಿ ತಿಳ್ಕೊಳ್ಳಿ. ಅವನು ಡೋಲು ತಂದರೆ ಬಾರಿಸಲಿ, ನಮ್ಮ ತಮಟೆಯೂ ಬರಲಿ. ಯಾರೂ ಬಾರಿಸು ಅಂತ ಹೇಳದ ಕಡೆ, ಬಾರಿಸಿದವನು ಒಳಗೇ ಕೂತು ಉಣ್ಣೋ ಕಡೆ, ಅದರ ಸದ್ದೇ ಬೇರೆ ಇರುತ್ತೆ.

ಉಂಡಾದ ಮೇಲೆ ಎರಡು ಪುಟದ ಕೆಲಸ. ಒಬ್ಬ ಹುಡುಗಿ ಬೋನಸ್ಸಿನ ಲೆಕ್ಕ ಓದಿ ಹೇಳಲಿ, ಒಬ್ಬ ಹುಡುಗ ಹತ್ತು ರಜೆಗಳ ಪಟ್ಟಿ ಓದಲಿ. ಹಿಂದಿ ಬಂದವರು ಅದನ್ನೇ 'ಅವರಿಗೂ' ತಿಳಿಸಲಿ. ಒಂದೇ ಲೆಕ್ಕ ಎಲ್ಲರ ಬಾಯಲ್ಲೂ ಇದ್ದರೆ, ಒಬ್ಬರನ್ನ ತೋರಿಸಿ ಇನ್ನೊಬ್ಬರ ಕೂಲಿ ಇಳಿಸೋದು ಕಷ್ಟ. ಆಗ 'ಅವರು' ಅನ್ನೋ ಪದವೂ ಹೋಗುತ್ತೆ.

ಊರಿನ ಸಾಲಿನಲ್ಲಿ ನಮ್ಮ ಎಲೆ ಬೀಳಬೇಕು ಅಂತ ಕೇಳೋ ಹಕ್ಕು ನಮಗೆ ಹುಟ್ಟಿನಿಂದಲೇ ಇದೆ, ಅದನ್ನ ಯಾರೂ ಕೊಡಬೇಕಾಗಿಲ್ಲ. ಆದರೆ ಆ ಮಾತಿಗೆ ಗಟ್ಟಿ ದನಿ ಬರೋದು ನಮ್ಮ ಸಾಲು ಮುರಿಯದೆ ಕೂತಾಗ. ರಜೆ ಮುಗಿಸಿ ವಾಪಸ್ ಬಂದಾಗ ನಿಮ್ಮ ಲೈನಿನಲ್ಲಿ ಎಷ್ಟು ಎಲೆ ಹಾಕಿದಿರಿ, ಯಾವ ಮನೆಯವರು ಬರಲಿಲ್ಲ, ಯಾಕೆ ಬರಲಿಲ್ಲ ಅಂತ ಬರೆದು ತನ್ನಿ. ಮುಂದಿನ ಸಭೆಯಲ್ಲಿ ಅದನ್ನೇ ಓದೋಣ.

ಜೈಭೀಮ್.